ಹಳೆಯ ಕಾರಿನ ಪಾಠಶೋಧನೆ

ಮೂವತ್ತೈದು ವರ್ಷ ಕನ್ನಡ ಎಂ.ಎ. ತರಗತಿಗಳಿಗೆ ಗ್ರಂಥಸಂಪಾದನೆಯ ಪಾಠ ಹೇಳಿದವನು ನಾನು. ಗೆದ್ದಲು ತಿಂದ ಓಲೆಯಲ್ಲಿ ಅಳಿದ ಅಕ್ಷರವನ್ನು ಹೇಗೆ ಊಹಿಸಬೇಕು, ಅದಕ್ಕಿಂತ ಮುಖ್ಯವಾಗಿ ಎಲ್ಲಿ ಊಹಿಸಬಾರದು ಎಂಬುದೇ ನಾನು ಕಲಿತ, ಕಲಿಸಿದ ವಿದ್ಯೆ. ಅಂಥವನು ಅರವತ್ತೈದು ದಾಟಿದ ಮೇಲೆ ಮೈಗೆ ಗ್ರೀಸು ಮೆತ್ತಿಕೊಂಡು ಕಾರಿನ ಹೊಟ್ಟೆಯಡಿ ಮಲಗಿದ್ದಾನೆಂದರೆ ಯಾರು ನಂಬಿಯಾರು? ನಮ್ಮ ಬೀದಿಯವರು ಮೊದಲ ವಾರ ನಂಬಲಿಲ್ಲ. ಎರಡನೆಯ ವಾರ ಮರುಕಪಟ್ಟರು.

ಇದರ ಮೂಲ 1984ರಲ್ಲಿದೆ. ನಮ್ಮ ಮದುವೆಯ ದಿನ ಬಂಧುಗಳೊಬ್ಬರು ತಮ್ಮ ಪದ್ಮಿನಿ ಕಾರನ್ನು ಅರ್ಧ ದಿನದ ಮಟ್ಟಿಗೆ ಕೊಟ್ಟಿದ್ದರು. ಶಾಲಾ ಮಾಸ್ತರರ ಮಗನಾದ ನನಗೆ ಅದೇ ಮೊದಲ ಕಾರುಪ್ರಯಾಣ. ಇಳಿಯುವಾಗ ಬಾಗಿಲು ತೆರೆಯುವ ಬಗೆ ತಿಳಿಯದೆ ನಾನು ಪೇಚಾಡಿದ್ದನ್ನು ನನ್ನ ಶ್ರೀಮತಿ ಇಂದಿಗೂ ಮರೆತಿಲ್ಲ. ನಿವೃತ್ತಿಯಾದ ಮೇಲೆ ಒಂದು ದಿನ, ಅಂಥದೇ ಕಾರೊಂದನ್ನು ಕೊಂಡು ಸರಿಪಡಿಸುವ ಆಸೆಯನ್ನು ಹೇಳಿಕೊಂಡೆ. ಆಕೆ ನಗಲಿಲ್ಲ. "ಎರಡು ಲಕ್ಷ. ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ನನ್ನ ಮಂಡಿಯ ಆಪರೇಷನ್ನಿಗೆ ಇಟ್ಟ ದುಡ್ಡನ್ನು ಮಾತ್ರ ಮುಟ್ಟಬೇಡಿ" ಎಂದಳು.

ಹಳೆಯ ಕಾರೆಂದರೆ ಮಹಾರಾಜರ ಕಾಲದ್ದೇ ಆಗಬೇಕೆಂದಿಲ್ಲ. ಕೈ ಚಿಕ್ಕದಾಗಿರುವವನು ಮೊದಲು ಕೇಳಬೇಕಾದದ್ದು ಚೆಲುವಿನ ಪ್ರಶ್ನೆಯಲ್ಲ, ಬಿಡಿಭಾಗಗಳ ಪ್ರಶ್ನೆ. ಇಟಲಿಯ ಫಿಯಟ್ 1100 ಡಿ ಕಾರು 1964ರಿಂದ ಮುಂಬಯಿಯ ಕುರ್ಲಾದಲ್ಲಿ ತಯಾರಾಗತೊಡಗಿತು. 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ರೂಪದಲ್ಲಿ ಹೆಚ್ಚು ಬದಲಾಗದೆ ಶತಮಾನದ ಕೊನೆಯವರೆಗೂ ನಡೆದುಬಂತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಬಹುಕಾಲ ಇದರದೇ ದೊರೆತನ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಹೀಗೆ ದೀರ್ಘಕಾಲ ದುಡಿದ ಕಾರಾದ್ದರಿಂದ ಅದರ ಅಂಗಾಂಗಗಳು ಗುಜರಿಯಲ್ಲಿ ಇನ್ನೂ ದೊರೆಯುತ್ತವೆ, 1089 ಸಿ.ಸಿ.ಯ ಅದರ ಎಂಜಿನ್ನಿನ ಒಳಗುಟ್ಟು ಬಲ್ಲ ಮೇಸ್ತ್ರಿಗಳೂ ಇನ್ನೂ ಇದ್ದಾರೆ. ಹಲವು ಪ್ರತಿಗಳು ದೊರೆಯುವ ಕಾವ್ಯವನ್ನು ಸಂಪಾದಿಸುವುದು ಒಂದೇ ಪ್ರತಿಯ ಕಾವ್ಯವನ್ನು ಸಂಪಾದಿಸುವುದಕ್ಕಿಂತ ಸುಲಭವಲ್ಲವೆ?

ಇಷ್ಟು ತಿಳಿದಿದ್ದೂ ಮೊದಲು ಮೋಸಹೋದೆ. ಕರಾವಳಿಯ ಊರೊಂದರಲ್ಲಿ ಕೆನೆಬಣ್ಣದ ಕಾರು, ಕನ್ನಡಿಯಂಥ ಹೊಳಪು. ಬೆಲೆ ಒಂದು ಲಕ್ಷದ ಅರವತ್ತು ಸಾವಿರ. ಆ ಹೊಳಪಿನಲ್ಲಿ ನನ್ನ ಮುಖ ಕಂಡು ಮರುಳಾಗಿ, ನಿಂತಲ್ಲೇ ಐದು ಸಾವಿರ ಮುಂಗಡ ಕೊಟ್ಟೆ. ಮರುವಾರ ಪರಿಚಯದ ಮೇಸ್ತ್ರಿಯೊಬ್ಬರನ್ನು ಕರೆದೊಯ್ದೆ. ಅವರು ಜೇಬಿನಿಂದ ಬಟ್ಟೆ ಸುತ್ತಿದ ಒಂದು ಅಯಸ್ಕಾಂತವನ್ನು ತೆಗೆದು ಬಾಗಿಲ ಕೆಳಗಿನ ಪಟ್ಟಿಗೆ ಹಿಡಿದರು. ಅಂಟಲಿಲ್ಲ. "ಇಲ್ಲಿ ತಗಡೇ ಇಲ್ಲ ಮೇಷ್ಟ್ರೇ, ಬರೀ ಪುಟ್ಟಿ" ಎಂದರು. ಒಳಗೆ ನೆಲಹಾಸನ್ನೆತ್ತಿ ಸ್ಕ್ರೂ ಡ್ರೈವರಿನಿಂದ ಒತ್ತಿದರೆ ಅದು ನೆಲವನ್ನು ತೂರಿ ಹೊರಬಂತು. ಈ ಕಾರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಒಡಲೇ ಭಾರ ಹೊರಬೇಕು. ನೆಲಕ್ಕೆ ತುಕ್ಕು ಹಿಡಿಯಿತೆಂದರೆ ಬೆನ್ನೆಲುಬಿಗೇ ಹಿಡಿದಂತೆ. ಬೆಸುಗೆಯ ಕೆಲಸಕ್ಕೆ ಇನ್ನೊಂದು ಲಕ್ಷವಾದರೂ ಬೇಕೆಂದು ಮೇಸ್ತ್ರಿ ಲೆಕ್ಕ ಹೇಳಿದರು. ಆ ಲಕ್ಷ ಎಲ್ಲಿಂದ ಬರಬೇಕಾಗಿತ್ತೆಂಬುದು ನನಗೊಬ್ಬನಿಗೆ ಗೊತ್ತಿತ್ತು. ಮುಂಗಡವನ್ನು ಬಿಟ್ಟುಕೊಟ್ಟು ಬಂದೆ. ನುಣುಪಾದ ಪಾಠವನ್ನು ಕಂಡೊಡನೆ ಪ್ರಕ್ಷಿಪ್ತವೆಂದು ಶಂಕಿಸಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು, ನನ್ನ ಸರದಿ ಬಂದಾಗ ಶಂಕಿಸಲಿಲ್ಲ.

ಎರಡನೆಯದು ಚಿತ್ರದುರ್ಗದ ಕಡೆಯ ಹಳ್ಳಿಯೊಂದರ ಕೊಟ್ಟಿಗೆಯಲ್ಲಿತ್ತು. 1984ರ ಗಾಡಿ. ಬಣ್ಣ ಬಿಸಿಲಿಗೆ ಬೆಳ್ಳಗಾಗಿ, ಸೀಟಿನ ಹೊಟ್ಟೆಯಿಂದ ನಾರು ಹೊರಬಂದಿತ್ತು. ಆದರೆ ಬಯಲುಸೀಮೆಯ ಒಣಹವೆಯಲ್ಲಿ ತಗಡು ಗಟ್ಟಿಯಾಗಿ ಉಳಿದಿತ್ತು. ಅಯಸ್ಕಾಂತ ಹಿಡಿದಲ್ಲೆಲ್ಲ ಅಂಟಿತು. ಗಾಜು, ಬಂಪರು, ಹಿಡಿಕೆ, ದೀಪದ ಬಳೆ ಯಾವುದೂ ಕಳೆದಿರಲಿಲ್ಲ. ಎಂಜಿನ್ ನೀಲಿ ಹೊಗೆ ಬಿಟ್ಟಿತು, ಎಂದರೆ ಎಣ್ಣೆ ಕುಡಿಯುತ್ತಿತ್ತು. ಎಂಜಿನ್ನಿನ ರೋಗಕ್ಕೆ ಖರ್ಚಿನ ಅಂದಾಜುಂಟು, ತುಕ್ಕಿನ ರೋಗಕ್ಕಿಲ್ಲ ಎಂದರು ಮೇಸ್ತ್ರಿ. ಎಂಜಿನ್, ಚಾಸಿ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಡನೆ ತಾಳೆ ನೋಡಿದೆವು. ಐವತ್ತು ವರ್ಷ ತುಂಬಿದ ವಾಹನಗಳಿಗೆ 2021ರಲ್ಲಿ ಬೇರೆಯೇ ನಿಯಮ ಬಂದಿದೆ. ಅಷ್ಟು ವಯಸ್ಸಾಗದ ನಮ್ಮದಕ್ಕೆ ಮಾಮೂಲಿನ ದಾರಿ: ಮೊದಲ ಹದಿನೈದು ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಣ. ಅದು ಚಾಲ್ತಿಯಲ್ಲಿತ್ತು. ಎಪ್ಪತ್ತು ಸಾವಿರಕ್ಕೆ ವ್ಯಾಪಾರ ಮುಗಿಯಿತು. ಕೈಯಲ್ಲಿ ಉಳಿದದ್ದು ಒಂದು ಲಕ್ಷದ ಇಪ್ಪತ್ತೈದು ಸಾವಿರ. ಇದ್ದ ಹಣವನ್ನೆಲ್ಲ ಕೊಳ್ಳುವುದಕ್ಕೇ ಸುರಿದವನ ಕಾರು ಅಂಗಳದಲ್ಲೇ ಮುದಿಯಾಗುತ್ತದೆ.

ಕೆಲಸಕ್ಕೊಂದು ಕ್ರಮವಿಟ್ಟೆವು. ಮೊದಲು ನಿಲ್ಲಿಸುವುದು, ಆಮೇಲೆ ಓಡಿಸುವುದು, ಕೊನೆಗೆ ಮೆರೆಸುವುದು. ಬ್ರೇಕು, ಸ್ಟೀರಿಂಗು, ಟಯರುಗಳಾದ ಮೇಲೆ ಪೆಟ್ರೋಲಿನ ಕೊಳವೆಗಳು. ಇಂದಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಹಳೆಯ ರಬ್ಬರು ಬೇಗ ಕೆಡುತ್ತದೆ. ಆಮೇಲೆ ರೇಡಿಯೇಟರು, ವೈರು, ಎಂಜಿನ್ನಿನ ರಿಂಗುಗಳು. ಬಿಚ್ಚುವ ಮೊದಲು ಪ್ರತಿಯೊಂದರ ಚಿತ್ರ ತೆಗೆದೆ. ಬಿಚ್ಚಿದ ಬೋಲ್ಟುಗಳನ್ನು ಲಕೋಟೆಗಳಲ್ಲಿ ಹಾಕಿ ಹೆಸರು ಬರೆದೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಒಂದು ಇಡೀ ದಿನ ಅಲೆದು ಒಂದು ಕಿಟಕಿಯ ಹಿಡಿಯನ್ನು ತಂದ ಸಂಜೆಯ ಸಂತೋಷ, ಅಳಿದ ಪಾಠವೊಂದು ಇನ್ನೊಂದು ಪ್ರತಿಯಲ್ಲಿ ಸಿಕ್ಕಾಗಿನ ಸಂತೋಷಕ್ಕೆ ಕಡಿಮೆಯದಲ್ಲ.

ಹದಿನಾಲ್ಕು ತಿಂಗಳ ಕೊನೆಗೆ ಒಂಬತ್ತು ಸಾವಿರ ಉಳಿಯಿತು. ಒಳ್ಳೆಯ ಬಣ್ಣಕ್ಕೆ ಅದು ಏನೇನೂ ಸಾಲದು. ಬ್ಯಾಂಕಿನ ಇನ್ನೊಂದು ಪುಸ್ತಕದ ಕಡೆ ಮನಸ್ಸು ಹೋಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಷ್ಟರಲ್ಲಿ ಆ ಹಣ ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಸಂದಿತ್ತು. ಬೆಳ್ಳಗಾದ ಬಣ್ಣವನ್ನು ಇದ್ದಂತೆಯೇ ಉಳಿಸಿದೆ; ಹರಿದ ಗರಿಯ ಜಾಗವನ್ನು ಖಾಲಿ ಬಿಡುವುದೂ ಸಂಪಾದನೆಯ ಒಂದು ಧರ್ಮವೇ.

ಮೊದಲ ಸವಾರಿಯ ದಿನ ನನ್ನ ಶ್ರೀಮತಿ ಕೋಲಿನ ಆಸರೆಯಿಲ್ಲದೆ ಗೇಟಿನವರೆಗೆ ನಡೆದುಬಂದಳು. ಕಾರಿನ ಸುತ್ತ ಒಂದು ಸಲ ಕಣ್ಣಾಡಿಸಿದಳು. ಬಣ್ಣದ ಮಾತೆತ್ತಲಿಲ್ಲ. ನಾನು ಹಿಂದಿನ ಬಾಗಿಲಿಗೆ ಕೈಹಾಕಿದೆ. "ಆವತ್ತು ಹಿಂದೆ ಕೂತಿದ್ದಾಯಿತು. ಇವತ್ತು ಮುಂದೆ ಕೂತ್ಕೋತೀನಿ" ಎಂದಳು. ಊರ ಹೊರಗಿನ ಕೆರೆಯ ಏರಿಯವರೆಗೆ ಹೋದೆವು. ಇಳಿದು ಆಕೆಯ ಬಾಗಿಲು ತೆರೆಯೋಣವೆಂದು ನಾನು ಸುತ್ತಿ ಬರುವಷ್ಟರಲ್ಲಿ, ಆಕೆ ತಾನೇ ತೆರೆದುಕೊಂಡು ಇಳಿದು ನಿಂತಿದ್ದಳು.