ಮೊಳೆಯಿಂದ ಸಾಲಿಗೆ



ಈ ಪ್ರದರ್ಶನದ ಬಾಗಿಲಲ್ಲೇ ಅಚ್ಚುಮೊಳೆಗಳ ಕೇಸು, ಅಂದರೆ ಅಕ್ಷರಕ್ಕೊಂದು ಮನೆಯಿರುವ ಪೆಟ್ಟಿಗೆ, ಇಟ್ಟಿದ್ದೀರಿ. ನನಗೆ ಬಹಳ ಸಂತೋಷವಾಯಿತು. ಪತ್ರಿಕೆಗಳ ಕಥೆ ಹೇಳುವವರು ಸಾಮಾನ್ಯವಾಗಿ ಮುದ್ರಣಯಂತ್ರದ ವೇಗದಿಂದ ಶುರುಮಾಡುತ್ತಾರೆ. ಲಂಡನ್ನಿನ ‘ದಿ ಟೈಮ್ಸ್’ 1814ರಲ್ಲೇ ಉಗಿಯಂತ್ರದಲ್ಲಿ ಅಚ್ಚಾಯಿತು, ನಿಜ. ಆದರೆ ಆ ಯಂತ್ರಕ್ಕೆ ಉಣಿಸುವ ಅಕ್ಷರಗಳನ್ನು ಇನ್ನೂ ಎಪ್ಪತ್ತು ವರ್ಷ ಬಹುಮಟ್ಟಿಗೆ ಮನುಷ್ಯನ ಬೆರಳುಗಳೇ ಒಂದೊಂದಾಗಿ ಹೆಕ್ಕಿದವು. ಅಷ್ಟಕ್ಕೇ ಮುಗಿಯಲಿಲ್ಲ. ಪುಟ ಅಚ್ಚಾದ ಮೇಲೆ ಅಷ್ಟೂ ಮೊಳೆಗಳನ್ನು ತೊಳೆದು, ಬಿಡಿಸಿ, ಅದರದರ ಮನೆಗೆ ಮರಳಿ ಹಾಕಬೇಕು. ಹಾಕದಿದ್ದರೆ ನಾಳಿನ ಸುದ್ದಿಗೆ ಅಕ್ಷರವಿಲ್ಲ.

ಈ ಗಂಟು ಬಿಡಿಸಿದವರು ಒಟ್ಮಾರ್ ಮೆರ್ಗೆಂತಾಲರ್. ಜರ್ಮನಿಯಲ್ಲಿ ಗಡಿಯಾರದ ಕಸುಬು ಕಲಿತು, 1872ರಲ್ಲಿ ಅಮೆರಿಕಕ್ಕೆ ಹೋಗಿ, ಬಾಲ್ಟಿಮೋರ್‌ನಲ್ಲಿ ಲೈನೋಟೈಪ್ ಎಂಬ ಅಕ್ಷರ ಜೋಡಿಸುವ ಯಂತ್ರ ಕಟ್ಟಿದರು. 1886ರ ಜುಲೈನಲ್ಲಿ ಅದು ‘ನ್ಯೂಯಾರ್ಕ್ ಟ್ರಿಬ್ಯೂನ್’ ಕಚೇರಿಯಲ್ಲಿ ಕೆಲಸಕ್ಕಿಳಿಯಿತು. ಅದರ ಕೀಲಿ ಒತ್ತಿದರೆ ಬೀಳುವುದು ಮೊಳೆಯಲ್ಲ, ಹಿತ್ತಾಳೆಯ ಅಚ್ಚು. ಸಾಲು ತುಂಬಿತೆಂದರೆ ಬೆಣೆಗಳು ಮೇಲಕ್ಕೆ ಒತ್ತಿ ಪದಗಳ ನಡುವಿನ ಜಾಗ ಸರಿಮಾಡುತ್ತವೆ. ಕರಗಿದ ಸೀಸ, ತವರ, ಆಂಟಿಮನಿಯ ಮಿಶ್ರಣ ಒಳನುಗ್ಗುತ್ತದೆ. ಇಡೀ ಸಾಲು ಒಂದೇ ಲೋಹದ ಪಟ್ಟಿಯಾಗಿ ಬಿಸಿಬಿಸಿಯಾಗಿ ಹೊರಬರುತ್ತದೆ. ಆಮೇಲಿನದ್ದೇ ನನಗೆ ಹೆಚ್ಚಿನ ಬೆರಗು: ಒಂದು ತೋಳು ಅಚ್ಚುಗಳನ್ನು ಮೇಲೆತ್ತುತ್ತದೆ. ಅಕ್ಷರಕ್ಕೊಂದು ಬಗೆಯ ಹಲ್ಲು ಕೊರೆದಿರುವುದರಿಂದ ಪ್ರತಿ ಅಚ್ಚೂ ತನ್ನ ಗೂಡಿನ ನೇರಕ್ಕೆ ಬಂದಾಗಲೇ ಕಳಚಿ ಬೀಳುತ್ತದೆ. ಅಚ್ಚಾದ ಸಾಲುಗಳನ್ನು ಮತ್ತೆ ಕರಗಿಸಿದರಾಯಿತು. ಮೊಳೆ ಬಿಡಿಸುವ ಕೆಲಸವೇ ಇಲ್ಲವಾಯಿತು! ಪತ್ರಿಕೆಗಳ ಪುಟ ಹೆಚ್ಚಿತು, ತಡರಾತ್ರಿಯ ಸುದ್ದಿಗೂ ಬೆಳಗಿನ ಸಂಚಿಕೆಯಲ್ಲಿ ಜಾಗ ಸಿಕ್ಕಿತು. ಕೈಯಲ್ಲಿ ಜೋಡಿಸುತ್ತಿದ್ದ ಅನೇಕರು ಕೆಲಸ ಕಳೆದುಕೊಂಡರು ಎಂಬುದನ್ನೂ ನಾವು ಮರೆಯಬಾರದು.

ಆ ಯಂತ್ರಕ್ಕಿದ್ದದ್ದು 90 ಕೀಲಿ. ಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನಮ್ಮ ಕನ್ನಡ ಅಷ್ಟರಲ್ಲಿ ಸುಲಭವಾಗಿ ಹಿಡಿಸುವಂಥದ್ದಲ್ಲ. ಹಾಗಾಗಿ ನಮ್ಮ ಸಣ್ಣ ಊರುಗಳ ಅಚ್ಚುಕೂಟಗಳಲ್ಲಿ ಮೊಳೆ ಜೋಡಣೆ ಬಹುಕಾಲ ಉಳಿಯಿತು. ‘ನ್ಯೂಯಾರ್ಕ್ ಟೈಮ್ಸ್’ 1978ರಲ್ಲಿ ಲೈನೋಟೈಪನ್ನೇ ಬಿಟ್ಟು ಕಂಪ್ಯೂಟರಿಗೆ ಹೋದಾಗಲೂ ಇಲ್ಲಿ ಕಂಪೋಸಿಟರುಗಳು ಕೇಸಿನ ಮುಂದೆ ನಿಂತೇ ಇದ್ದರು. ದಿನವಿಡೀ ನಿಂತು, ತಲೆಕೆಳಗಾದ ಅಕ್ಷರಗಳನ್ನು ಸರಾಗವಾಗಿ ಓದುತ್ತಿದ್ದ ಆ ಕಣ್ಣುಗಳಿಗೆ ಕನ್ನಡದ ಓದುಗರೆಲ್ಲರೂ ಋಣಿಗಳು.

ಪ್ರದರ್ಶನ ಉದ್ಘಾಟನೆಯಾಗಿದೆ. ಮಕ್ಕಳೇ, ಒಳಗೆ ಹೋದಾಗ ನಿಮ್ಮ ಹೆಸರನ್ನು ಒಮ್ಮೆ ಕೈಯಾರೆ ಜೋಡಿಸಿ ನೋಡಿ. ಆಮೇಲೆ ಆ ಮೊಳೆಗಳನ್ನು ಅವುಗಳ ಮನೆಗೆ ನೀವೇ ಮರಳಿ ಹಾಕಿ.