ಗೋಡೆಯ ಮೇಲಿನ ಉತ್ತರಪತ್ರಿಕೆ



ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದವನು ನಾನು. ಅಷ್ಟು ಕಾಲದಲ್ಲಿ ಎಷ್ಟು ಉತ್ತರಪತ್ರಿಕೆಗಳನ್ನು ತಿದ್ದಿರಬಹುದೆಂದು ಲೆಕ್ಕ ಹಾಕಲು ಹೊರಟರೆ ತಲೆ ಸುತ್ತುತ್ತದೆ. ಒಂದು ಮಾತ್ರ ನಿಜ. ಬರೆದವನನ್ನೂ ತಿದ್ದಿದವನನ್ನೂ ಬಿಟ್ಟರೆ ಅವುಗಳನ್ನು ಮೂರನೆಯವರು ಓದಿದ್ದು ತೀರ ಅಪರೂಪ. ಕಂತೆ ಕಟ್ಟಿ, ಅರಗಿನ ಮುದ್ರೆಯೊತ್ತಿ, ಗೋಣಿಚೀಲಕ್ಕೆ ತುಂಬಿ ಕಳುಹಿಸಿದ ಆ ಕಾಗದವೆಲ್ಲ ಅವಧಿ ಮುಗಿದ ಮೇಲೆ ರದ್ದಿಗೆ ಹೋಯಿತು. ವರ್ಷವೆಲ್ಲ ಪಂಪ ರನ್ನ ಹರಿಹರರೊಡನೆ ಹೆಣಗಿದ ಹುಡುಗನೊಬ್ಬ ಮೂರು ಗಂಟೆಗಳಲ್ಲಿ ಬರೆದದ್ದು ಅವನ ತಂದೆತಾಯಿಯರಿಗೂ ಕಾಣಲಿಲ್ಲ. ಅವರಿಗೆ ಕಂಡದ್ದು ಅಂಕಪಟ್ಟಿಯೊಂದೇ. ಪರೀಕ್ಷೆಯೆಂದರೆ ಹೀಗೆಯೇ ಇರತಕ್ಕದ್ದೆಂದು ನಾನೂ ನಂಬಿದ್ದೆ. ಉತ್ತರಪತ್ರಿಕೆಯನ್ನು ಗೋಡೆಗೆ ತೂಗುಹಾಕಿ, ಬಾಗಿಲು ತೆರೆದಿಟ್ಟು, ಬಂದು ನೋಡಿರೆಂದು ಊರವರನ್ನೆಲ್ಲ ಕರೆಯುವ ಪರೀಕ್ಷೆಯೂ ಉಂಟೆಂಬುದು ನನಗೆ ನಿವೃತ್ತನಾದ ಮೇಲೆ, ದಾವಣಗೆರೆಯಲ್ಲಿ ತಿಳಿಯಿತು.

ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ನನ್ನದೇ ಒಂದು ಹಳೆಯ ತಪ್ಪು. ಚಳ್ಳಕೆರೆಯಲ್ಲಿ ನಾನು ಪಾಠ ಹೇಳುತ್ತಿದ್ದ ಮೊದಲ ವರ್ಷಗಳಲ್ಲಿ ಮೊಳಕಾಲ್ಮೂರಿನ ನೇಕಾರ ಮನೆತನದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಅಂಕಗಳಲ್ಲಿ ಸಾಧಾರಣ. ಆದರೆ ಅವನ ಟಿಪ್ಪಣಿ ಪುಸ್ತಕದ ಅಂಚುಗಳು ಅಸಾಧಾರಣವಾಗಿದ್ದವು. ರನ್ನನ ‘ಗದಾಯುದ್ಧ’ವನ್ನು ನಾನು ವಿವರಿಸುತ್ತಿದ್ದ ದಿನಗಳಲ್ಲಿ ಅವನು ಪುಟದ ಬದಿಯಲ್ಲಿ ವೈಶಂಪಾಯನ ಸರೋವರವನ್ನೂ, ನೀರಿನಿಂದ ಅರ್ಧ ಮೇಲೆದ್ದ ದುರ್ಯೋಧನನನ್ನೂ ಪೆನ್ಸಿಲಿನಲ್ಲಿ ಬರೆದಿದ್ದ. ದುರ್ಯೋಧನನ ಹೆಗಲ ಮೇಲೆ ನೀರು ಇಳಿಯುತ್ತಿತ್ತು. ನನ್ನ ಒಂದು ಗಂಟೆಯ ವಿವರಣೆಯಲ್ಲಿ ಆ ನೀರು ಎಲ್ಲಿಯೂ ಇರಲಿಲ್ಲ. ಪದವಿ ಮುಗಿಸಿ ಅವನು ನನ್ನಲ್ಲಿಗೆ ಬಂದು, ದಾವಣಗೆರೆಯ ಕಲಾಶಾಲೆಗೆ ಸೇರಲೇ ಎಂದು ಕೇಳಿದ. “ಅದು ಹೊಟ್ಟೆಗೆ ಹಿಟ್ಟು ಕೊಡುವ ವಿದ್ಯೆಯಲ್ಲಪ್ಪ, ಸರ್ಕಾರಿ ಪರೀಕ್ಷೆಗೆ ಕಟ್ಟು” ಎಂದೆ. ಅವನು ಕಟ್ಟಿದ, ಗುಮಾಸ್ತನಾದ. ಅದಕ್ಕಾಗಿ ಅವನು ಎಂದೂ ನನ್ನನ್ನು ದೂರಲಿಲ್ಲ. ಹಬ್ಬಹರಿದಿನಗಳಲ್ಲಿ ಮನೆಗೆ ಬಂದು ನಮಸ್ಕಾರ ಮಾಡಿ ಹೋಗುವ ವಿನಯವಂತ. ಕಳೆದ ಬಾರಿ ಬಂದಾಗ ಕೈಯಲ್ಲೊಂದು ಆಹ್ವಾನ ಪತ್ರಿಕೆ ಇತ್ತು. “ನನ್ನ ಮಗಳು ದಾವಣಗೆರೇಲಿ ಚಿತ್ರಕಲೆ ಓದ್ತಿದಾಳೆ ಸಾರ್. ಇದು ಕೊನೇ ವರ್ಷ. ತಾವು ಬರಬೇಕು” ಎಂದ. ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಮ್ಮ ಸೀಮೆಯ ಬಗ್ಗೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಅಕ್ಷರಕ್ಕೆ ನಮ್ಮವರು ಕೊಟ್ಟ ಮರ್ಯಾದೆ ದೊಡ್ಡದು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ, ಕುವೆಂಪು ಅವರ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರು ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ತರಾಸು ಅದೇ ಮನೆತನದವರು. ಬೆಳಗೆರೆ ಕೃಷ್ಣಶಾಸ್ತ್ರಿಗಳೂ ಕವಯಿತ್ರಿ ಜಾನಕಮ್ಮನವರೂ ಇದೇ ತಾಲ್ಲೂಕಿನ ಬೆಳಗೆರೆಯವರು. ಈ ಹೆಸರುಗಳನ್ನು ಹೇಳುವಾಗ ನಮ್ಮ ಎದೆ ಉಬ್ಬುತ್ತದೆ. ಆದರೆ ಚಿತ್ರ ಬರೆಯುವ ಹುಡುಗನಿಗೆ ನಾವು ಕೊಟ್ಟ ಕೆಲಸವೇನು? ಗಣೇಶೋತ್ಸವದ ಪರದೆ, ಶಾಲಾ ವಾರ್ಷಿಕೋತ್ಸವದ ಫಲಕ, ಅಂಗಡಿಯ ಬೋರ್ಡು. ನಾನು ಆ ಹುಡುಗನಿಗೆ ಹೇಳಿದ ಬುದ್ಧಿವಾದ ನನ್ನೊಬ್ಬನದಾಗಿರಲಿಲ್ಲ, ಊರಿನದಾಗಿತ್ತು. ಹಾಗೆಂದು ನನ್ನ ಪಾಲೇನೂ ಕಡಮೆಯಾಗುವುದಿಲ್ಲ.

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಆರಂಭವಾದದ್ದು 1964ರಲ್ಲಿ. ಆಗ ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಂದಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ನಮ್ಮ ಜಿಲ್ಲೆಯೊಳಗೇ ಒಂದು ಕಲಾಶಾಲೆಯಿತ್ತು. ನಾನು ಅದರೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಹೋದೆ. ಮದುವೆಮನೆಗೆ ಹೋದಂತೆಯೇ ಆಯಿತು. ವಿದ್ಯಾರ್ಥಿಗಳೆಲ್ಲ ಒಳ್ಳೆಯ ಬಟ್ಟೆ ತೊಟ್ಟು, ತಂತಮ್ಮ ಕೃತಿಗಳ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಕೆಲವರ ಉಗುರಿನ ಸಂದಿಯಲ್ಲಿ ಬಣ್ಣ ಇನ್ನೂ ಉಳಿದಿತ್ತು. ಊರುಗಳಿಂದ ಬಂದ ತಂದೆತಾಯಿಯರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದರು; ಯಾರೂ ಬಿಡಿರೆಂದು ಹೇಳಿರಲಿಲ್ಲ. ಮಣ್ಣಿನ ಶಿಲ್ಪವೊಂದನ್ನು ತಾಯಿಯೊಬ್ಬಳು ಮೆಲ್ಲಗೆ ಮುಟ್ಟಿ, ಯಾರಾದರೂ ಕಂಡರೇ ಎಂದು ಸುತ್ತ ನೋಡಿದಳು. ಎಲ್ಲವೂ ಚೆನ್ನಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಬೇರೆಯವರ ದಾರಿಯಲ್ಲೇ ನಡೆದ ಚಿತ್ರಗಳಿದ್ದವು. ಅರ್ಥವಾಗದಿರಲೆಂದೇ ಬರೆದಂತಿದ್ದವೂ ಇದ್ದವು. ಮತ್ತೆ ಈ ‘ಶೀರ್ಷಿಕೆಯಿಲ್ಲ’ ಎಂಬ ಶೀರ್ಷಿಕೆ! ಇದು ಈಗ ಕಲಾವಿದರೆಲ್ಲರ ರೂಢಿಯಂತೆ. ಮಗುವಿಗೆ ಹೆಸರಿಡಲು ಸೋಮಾರಿತನ ಮಾಡಬಾರದೆಂಬುದು ಕನ್ನಡ ಮೇಷ್ಟರ ಹಳೆಯ ಹಟವೆಂದು ನೀವು ನಕ್ಕುಬಿಡಬಹುದು.

ನನ್ನ ಶಿಷ್ಯನ ಮಗಳ ಚಿತ್ರಗಳು ಒಳಗಿನ ಕೊಠಡಿಯಲ್ಲಿದ್ದವು. ಅವಳ ದೊಡ್ಡಪ್ಪ ಇಂದಿಗೂ ಮೊಳಕಾಲ್ಮೂರಿನಲ್ಲಿ ಮಗ್ಗ ನಡೆಸುವವರು. ಅವರೂ ಅಂದು ಬಂದಿದ್ದರು. ಮೊಳಕಾಲ್ಮೂರು ಎಂದ ಕೂಡಲೇ ರೇಷ್ಮೆ ಸೀರೆ, ಅದರ ಮೇಲಿನ ನವಿಲು, ಹೂವು, ಹಣ್ಣು ನಮ್ಮ ಕಣ್ಣ ಮುಂದೆ ಬರುತ್ತವೆ. ಅವಳ ಚಿತ್ರಗಳಲ್ಲಿ ಇವು ಒಂದೂ ಇರಲಿಲ್ಲ. ಆಳೆತ್ತರದ ಒಂದು ಬಟ್ಟೆಯ ಮೇಲೆ ಅವಳು ಸೀರೆಯ ಸೆರಗಿನ ಹಿಂಬದಿಯನ್ನು ಬರೆದಿದ್ದಳು. ಮುಂದೆ ನವಿಲಾಗಿ ಕಾಣುವುದು ಹಿಂದೆ ತೇಲಾಡುವ ಎಳೆಗಳ ಕಾಡು. ಗಂಟುಗಳು, ಕತ್ತರಿಸಿದ ತುದಿಗಳು, ಒಂದು ಬಣ್ಣ ಮತ್ತೊಂದನ್ನು ದಾಟಿ ಹೋದ ಹಾದಿಗಳು. ಇನ್ನೊಂದು ಚಿತ್ರದಲ್ಲಿ ಮನುಷ್ಯನಿಲ್ಲ. ಗುಂಡಿಮಗ್ಗದ ಕತ್ತಲಲ್ಲಿ ತುಳಿಗೋಲಿನ ಮೇಲಿಟ್ಟ ಎರಡು ಪಾದಗಳು ಮಾತ್ರ.

ದೊಡ್ಡಪ್ಪ ಬಹಳ ಹೊತ್ತು ನಿಂತು ನೋಡಿದರು. ಆಮೇಲೆ ಕೇಳಿದರು: “ಹಿಂಬದಿ ಯಾಕಮ್ಮ ಬರ್ದೆ?”

“ಮುಂಬದಿ ಅಂಗಡಿಯೋರು ತೋರಿಸ್ತಾರಲ್ಲ ದೊಡ್ಡಪ್ಪ” ಎಂದಳು ಹುಡುಗಿ.

ಅವರು ಮಾತನಾಡಲಿಲ್ಲ. ಮತ್ತೆ ಹತ್ತಿರ ಹೋಗಿ, ಮಗ್ಗದ ಮೂರನೆಯ ಚಿತ್ರವೊಂದರ ಕಡೆ ಬೆರಳು ತೋರಿಸಿ, ಹಣಿಗೆ ಹೀಗೆ ಕೂತರೆ ಹೊಕ್ಕು ಬಿಗಿಯಾಗುವುದಿಲ್ಲ, ಸೀರೆ ಜೊಳ್ಳಾಗುತ್ತದೆ ಎಂದರು. ಹುಡುಗಿ ಮುಖ ಸಣ್ಣದು ಮಾಡಲಿಲ್ಲ. ಪುಟ್ಟ ಪುಸ್ತಕ ತೆಗೆದು ಗುರುತು ಹಾಕಿಕೊಂಡಳು. ಎಷ್ಟೋ ವಿಚಾರಸಂಕಿರಣಗಳಲ್ಲಿ ವಿಮರ್ಶೆ ಕೇಳಿದ್ದೇನೆ, ಮಾಡಿಯೂ ಇದ್ದೇನೆ. ಕೃತಿಯನ್ನು ಅಷ್ಟು ಗೌರವದಿಂದ ಎದುರಿಸಿದ ವಿಮರ್ಶೆಯನ್ನು ಹೆಚ್ಚು ಕೇಳಿದ ನೆನಪಿಲ್ಲ. ಪಾದಗಳ ಚಿತ್ರದ ಬಗ್ಗೆ ಅವರು ಏನನ್ನೂ ಹೇಳಲಿಲ್ಲ. ಅವು ಯಾರ ಪಾದಗಳೆಂದು ನಾನೂ ಕೇಳಲಿಲ್ಲ.

ಛಾಯಾಚಿತ್ರಗಳು ಅನ್ವಯಿಕ ಕಲೆಯ ಕೊಠಡಿಯಲ್ಲಿದ್ದವು. ಈ ವಿದ್ಯೆಯ ಬಗ್ಗೆ ನನಗೆ ಹಿಂದಿನಿಂದಲೂ ಒಂದು ಸಣ್ಣ ತಾತ್ಸಾರವಿತ್ತು: ಯಂತ್ರ ಮಾಡುವ ಕೆಲಸಕ್ಕೆ ಮನುಷ್ಯನಿಗೇಕೆ ಅಂಕ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಚಿತ್ರದ ಬಗೆಗಳನ್ನು ವಿಂಗಡಿಸುತ್ತ, ಕನ್ನಡಿಯೊಳಗಿನ ಪ್ರತಿಬಿಂಬದಂತೆ ವಸ್ತುವನ್ನೇ ಹೋಲುವುದು ವಿದ್ಧಚಿತ್ರವೆಂದು ಹೇಳುತ್ತಾನೆ. ಕ್ಯಾಮರಾ ಬಂದಮೇಲೆ ವಿದ್ಧಚಿತ್ರ ಅಗ್ಗವಾಯಿತೆಂದು ನಾನೇ ತರಗತಿಯಲ್ಲಿ ಹೇಳಿದ್ದುಂಟು. ಮೈಸೂರಿನ ಟಿ. ಎಸ್. ಸತ್ಯನ್ ಅವರ ಕಪ್ಪು ಬಿಳುಪಿನ ಚಿತ್ರಗಳನ್ನು ಗಮನವಿಟ್ಟು ನೋಡಿದ್ದರೆ ಹಾಗೆನ್ನುತ್ತಿರಲಿಲ್ಲ. ಸಿಡುಬು ನಿರ್ಮೂಲನದ ಕಾಲದಲ್ಲಿ ಹಳ್ಳಿಹಳ್ಳಿ ತಿರುಗಿ ಚಿತ್ರ ತೆಗೆದವರು ಅವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆಯಲ್ಲಿ ಛಾಯಾಚಿತ್ರಣವನ್ನೂ ಪತ್ರಿಕಾ ಛಾಯಾಚಿತ್ರಣವನ್ನೂ ಪದವಿಯ ವಿಷಯವಾಗಿಯೇ ಬೋಧಿಸುತ್ತ ಬಂದಿದ್ದಾರೆ. ನನ್ನ ತಾತ್ಸಾರ ಅಜ್ಞಾನದ ಮಗುವೆಂದಷ್ಟೇ ಹೇಳಬಲ್ಲೆ.

ಅಲ್ಲಿ ಚಳ್ಳಕೆರೆ ಕಡೆಯ ಹುಡುಗನೊಬ್ಬನ ಚಿತ್ರಗಳಿದ್ದವು. ಗಾಳಿಯಂತ್ರಗಳ ಹಿಂದೆ ಮುಳುಗುವ ಸೂರ್ಯ ಐದು ಬಾರಿ ಮುಳುಗಿದ್ದ. ಒಂದು ಸಾಕಾಗಿತ್ತೆಂದು ಅವನಿಗೆ ಹೇಳಿದೆ, ಅವನು ನಕ್ಕ. ಆದರೆ ಕಂಬಳಿಯ ಚಿತ್ರಗಳು ನನ್ನನ್ನು ನಿಲ್ಲಿಸಿದವು. ಚಳ್ಳಕೆರೆಯನ್ನು ಎಣ್ಣೆಯ ಊರೆಂದು ಎಲ್ಲರೂ ಬಲ್ಲರು. ಕಂಬಳಿಗೂ ಅದು ಹೆಸರಾದ ಊರು. ಬೀದಿಯುದ್ದಕ್ಕೂ ಹಾಸನ್ನು ಎಳೆದು ಕಟ್ಟಿ, ಹುಣಸೆಬೀಜದ ಗಂಜಿಯನ್ನು ಕುಂಚದಿಂದ ಬಳಿಯುತ್ತಿರುವ ಹೆಂಗಸರು. ಕರಿಯ ಉಣ್ಣೆ, ಬಿಳಿಯ ಗಂಜಿ, ಬೆಳಗಿನ ಬಿಸಿಲು. ಆ ಬೀದಿಗಳಲ್ಲಿ ನಾನು ಸಾವಿರ ಸಲ ನಡೆದಿದ್ದೇನೆ, ಗಂಜಿಯ ಹುಳಿವಾಸನೆಗೆ ಮೂಗು ಮುಚ್ಚಿಕೊಂಡಿದ್ದೇನೆ. ಅಲ್ಲೊಂದು ಚಿತ್ರವಿದೆಯೆಂದು ತಿಳಿದಿರಲಿಲ್ಲ. ಇನ್ನೊಂದು, ಕುದಾಪುರದ ಕಡೆಯದು. ಅಲ್ಲಿನ ಅಮೃತಮಹಲ್ ಕಾವಲಿನ ನೆಲವನ್ನು 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿದ್ದನ್ನೂ, 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ತೆರೆದದ್ದನ್ನೂ ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಹುಡುಗ ವಿಮಾನವನ್ನು ತೆಗೆದಿರಲಿಲ್ಲ. ಉದ್ದನೆಯ ಗೋಡೆ, ಗೋಡೆಯ ನೆರಳಿನಲ್ಲಿ ಸಾಲಾಗಿ ನಿಂತ ಕುರಿಗಳು, ಅಷ್ಟೇ. ಮಧ್ಯಾಹ್ನದ ಬಿಸಿಲಿಗೆ ಆ ಗೋಡೆ ಕುರಿಗಳಿಗೆ ತಂಪನ್ನೂ ಕೊಟ್ಟಿತ್ತು, ಹುಲ್ಲನ್ನೂ ಮರೆಮಾಡಿತ್ತು. ಪರವಾಗಿಯೋ ವಿರೋಧವಾಗಿಯೋ ಒಂದು ಮಾತನ್ನೂ ಅವನು ಕೆಳಗೆ ಬರೆದಿರಲಿಲ್ಲ. ಕನ್ನಡಿ ಯಾವ ಕಡೆಗೆ ಹಿಡಿಯಬೇಕೆಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲವಷ್ಟೆ.

ಮಧ್ಯಾಹ್ನ ಹೊರಗೆ ಚಹಾ ಕುಡಿಯುವಾಗ ಹುಡುಗಿಯ ದೊಡ್ಡಪ್ಪ ಒಂದು ಮಾತು ಕೇಳಿದರು. ಪ್ರತಿ ಚಿತ್ರದ ಮೂಲೆಯಲ್ಲಿ ಅವಳು ಹೆಸರು ಬರೆದಿದ್ದಾಳಲ್ಲ, ಅದು ನಿಯಮವೇ, ಇಲ್ಲ ಜಂಭವೇ ಎಂದು. ನನಗೆ ಚಪಡ ನೆನಪಾದ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೊರಟ ರಾಜಾಜ್ಞೆ ಅದು. ತಂದೆತಾಯಿಯರನ್ನೂ ಗುರುವನ್ನೂ ಗೌರವಿಸಬೇಕೆಂಬ ಬೋಧೆಯೂ ಅದರಲ್ಲುಂಟು. ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಹೆಸರಿನ ನಂತರ ‘ಲಿಪಿಕಾರ’ ಎಂಬ ಅರ್ಥದ ಪದವನ್ನು ಮಾತ್ರ, ನಮ್ಮ ಕಡೆ ಯಾರಿಗೂ ಓದಲು ಬಾರದಿದ್ದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಖರೋಷ್ಠಿ ದೂರದ ವಾಯವ್ಯ ದೇಶದ ಲಿಪಿ. ಈ ಬಂಡೆಗಳ ನಾಡಿಗೆ ಅವನು ಹೇಗೆ ಬಂದನೋ, ಆ ಒಂದು ಪದವನ್ನು ಯಾರು ಓದಲೆಂದು ಕೆತ್ತಿದನೋ. ಚಕ್ರವರ್ತಿಯ ಮಾತಿನ ಅಡಿಯಲ್ಲಿ ಕುಶಲಿಯೊಬ್ಬ ತನ್ನ ಗುರುತನ್ನು ಉಳಿಸಿ ಹೋದ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತಿದು. ನಿಮ್ಮ ಮಗ್ಗದ ಮನೆಗೆ ಅದೇನೂ ಬಹಳ ದೂರವಲ್ಲ ಎಂದೆ.

ಅವರು ಲೋಟ ಕೆಳಗಿಟ್ಟು ಯೋಚಿಸಿದರು. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರಲ್ಲಿರುವುದು ಊರಿನ ಹೆಸರು. ನೇಯ್ದವನ ಹೆಸರು ಸೀರೆಯ ಯಾವ ಮೂಲೆಯಲ್ಲಿಯೂ ಇಲ್ಲವಲ್ಲ ಎಂದು ನಾನು ಮರುಕದಿಂದ ಮಾತು ಮುಂದುವರಿಸಲಿದ್ದೆ. ಅವರು ತಡೆದರು. “ಹಂಗೇನಿಲ್ಲ ಸಾ. ಅಂಚು ತಿರುಗೋ ಜಾಗ ನೋಡಿದ್ರೆ ನಮ್ ಬೀದೀಲಿ ಎಲ್ಲಾರ್ಗೂ ಗೊತ್ತಾಗುತ್ತೆ, ಇದು ಯಾರ ಮಗ್ಗದ್ದು ಅಂತ. ಓದೋಕೆ ಬರಬೇಕು ಅಷ್ಟೆ.” ನನ್ನ ಮರುಕವನ್ನು ನಾನು ಚಹಾದೊಂದಿಗೆ ನುಂಗಿಕೊಂಡೆ.

ಇಂತಹ ಪ್ರದರ್ಶನ ಕೆಲವೇ ದಿನಗಳದು. ಆಮೇಲೆ ಮೊಳೆ ಕಿತ್ತು, ಬಟ್ಟೆ ಸುತ್ತಿ, ಬಸ್ಸಿನ ಮೇಲೆ ಹಾಕಿಕೊಂಡು ಮಕ್ಕಳು ಊರಿಗೆ ಹೊರಡುತ್ತಾರೆ. ಹುಡುಗಿಗೆ ಸ್ನಾತಕೋತ್ತರ ಓದಿಗೆ ಮೈಸೂರಿನಲ್ಲಿ ಸೀಟು ಸಿಕ್ಕಿದೆ. ಚಿತ್ರಗಳನ್ನು ಏನು ಮಾಡುತ್ತೀಯಮ್ಮ ಎಂದೆ. ಮೊಳಕಾಲ್ಮೂರಿನ ಮನೆಯಲ್ಲಿ ಮಗ್ಗವೇ ಪಡಸಾಲೆಯನ್ನು ತುಂಬಿದೆ. ಆಳೆತ್ತರದ ಚಿತ್ರಕ್ಕೆ ಗೋಡೆಯಿಲ್ಲ. ಅಟ್ಟದ ಮೇಲೆ ಇಲಿಗಳಿವೆ. ಚಳ್ಳಕೆರೆಯಲ್ಲಿ ಇರುವ ಕಲ್ಯಾಣಮಂಟಪಗಳು ವರ್ಷದಲ್ಲಿ ಎಷ್ಟೋ ದಿನ ಖಾಲಿ ಬಿದ್ದಿರುತ್ತವೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಸಾವಿರಾರು ಜನ ಸೇರುತ್ತಾರೆ. ಶಾಲೆಯ ಎರಡು ಕೊಠಡಿಗಳನ್ನು ಆ ದಿನಗಳಲ್ಲಿ ಈ ಮಕ್ಕಳಿಗೆ ಬಿಟ್ಟುಕೊಟ್ಟರೆ, ಮಗ್ಗವನ್ನೂ ಕಂಬಳಿಯನ್ನೂ ಬಲ್ಲ ಜನ ಬಂದು ತಪ್ಪು ಹುಡುಕಿಯಾರು, ಒಪ್ಪಿಯೂ ಯಾರು. ನೋಡಬೇಕಾದವರು ಅವರು; ದಾವಣಗೆರೆಗೆ ಹೋಗಲು ಅವರಿಗೆ ಬಿಡುವೆಲ್ಲಿ? ಇದನ್ನು ನಾನು ಊರಿನ ಕೆಲವು ಹಿರಿಯರಲ್ಲಿ ಹೇಳಿದ್ದೇನೆ. ನೋಡೋಣ ಎಂದಿದ್ದಾರೆ. ‘ನೋಡೋಣ’ ಎಂಬ ಮಾತಿನ ಆಯುಸ್ಸು ಎಷ್ಟೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ಮತ್ತೆ ಹೋಗಿ ಕೇಳುವವನಿದ್ದೇನೆ.

ಸದ್ಯಕ್ಕೆ ಸೆರಗಿನ ಹಿಂಬದಿಯ ಚಿತ್ರ ನಮ್ಮ ಮನೆಯಲ್ಲಿದೆ. ಮುಂಗೋಣೆಯ ದೊಡ್ಡ ಗೋಡೆಗೆ ಆನಿಸಿದ್ದ ಪುಸ್ತಕದ ಕಪಾಟು ಎರಡನ್ನೂ ಒಳಗೆ ಸರಿಸಬೇಕಾಯಿತು. ‘ಗದಾಯುದ್ಧ’ದ ನನ್ನ ಹಳೆಯ ಟಿಪ್ಪಣಿಗಳು ಈಗ ಅಡಿಗೆಮನೆಯ ಪಕ್ಕದಲ್ಲಿವೆ, ಮನೆಯವರಿಗೆ ಅದರಿಂದ ತೊಂದರೆಯೇ. ಚಿತ್ರವನ್ನು ತೂಗುಹಾಕಲು ನನ್ನ ಶಿಷ್ಯನೇ ಬಂದಿದ್ದ. ಏಣಿ ಹತ್ತಿ, ಗೋಡೆಯ ಮೇಲೆ ಮೊಳೆಯ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿದ. ಚಿತ್ರ ಏರಿದ ಮೇಲೆ ಆ ಗುರುತು ಅದರ ಮರೆಯಾಯಿತು. ಕೆಳಗಿಳಿದು ಎರಡು ಹೆಜ್ಜೆ ಹಿಂದೆ ನಿಂತು, ಎಡಗಡೆ ಒಂದು ಎಳೆಯಷ್ಟು ತಗ್ಗಿದೆ ಎಂದ. ನನಗೆ ಕಾಣಲಿಲ್ಲ. ಅವನು ಮತ್ತೆ ಏಣಿ ಹತ್ತಿದ.