ಹತ್ತು ಅಡಿ ಎತ್ತರದಲ್ಲಿ ಎಂಜಿನ್ ನಿಂತಾಗ

(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮಲ್ಲಿ ಬೆಳೆಗೆ ಹುಳ ಬಿದ್ದರೆ ರೈತ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುತ್ತಾನೆ. ಸಾವಿರಾರು ಎಕರೆ ಒಂದೇ ಬಯಲಾಗಿರುವ ಅಮೆರಿಕದಲ್ಲಿ ಆ ಕೆಲಸವನ್ನು ವಿಮಾನವೂ ಮಾಡುತ್ತದೆ. 1921ರ ಆಗಸ್ಟ್ 3ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬಲ್ಲಿ ಸೇನೆಯ ಪೈಲಟ್ ಜಾನ್ ಮೆಕ್ರೆಡಿ ಒಂದು ಮರದ ತೋಪಿನ ಮೇಲೆ ವಿಷದ ಪುಡಿ ಉದುರಿಸಿ ಹುಳುಗಳನ್ನು ಕೊಂದರು. ಈ ಕೆಲಸಕ್ಕೆ ಅದೇ ನಾಂದಿ.

ದೊಡ್ಡ ಪ್ರಯಾಣಿಕ ವಿಮಾನ 35,000 ಅಡಿ ಎತ್ತರದಲ್ಲಿ ಎಲ್ಲ ಎಂಜಿನ್ ಕಳೆದುಕೊಂಡರೂ ನೂರು ಕಿಲೋಮೀಟರಿಗಿಂತ ಹೆಚ್ಚು ದೂರ ತೇಲಿಕೊಂಡು ಹೋಗಬಲ್ಲದು. ಯೋಚಿಸಲು ಸಮಯವಿರುತ್ತದೆ. ಔಷಧಿ ಹೊಡೆಯುವ ವಿಮಾನವೋ, ಬೆಳೆಯಿಂದ ಸುಮಾರು ಹತ್ತು ಅಡಿ ಮೇಲೆ, ಹೊಟ್ಟೆ ತುಂಬ ಭಾರ ಹೊತ್ತು ಹಾರುತ್ತದೆ. ಅದಕ್ಕಿರುವುದು ಒಂದೇ ಎಂಜಿನ್. ಅದು ನಿಂತರೆ ಪೈಲಟ್‌ನ ಕೈಯಲ್ಲಿ ಉಳಿಯುವುದು ಕೆಲವೇ ಸೆಕೆಂಡುಗಳು.

ಆಗ ಅವನ ಬಳಿ ಎತ್ತರವಿಲ್ಲ, ಆದರೆ ವೇಗವಿದೆ. ವಿಜ್ಞಾನದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ. ಗಂಟೆಗೆ 180 ಕಿಲೋಮೀಟರ್ ಎಂದರೆ ಸೆಕೆಂಡಿಗೆ 50 ಮೀಟರ್. ವೇಗವನ್ನು 120 ಕಿಲೋಮೀಟರಿಗೆ ಇಳಿಸಿ ಆ ಚಲನಶಕ್ತಿಯನ್ನು ಎತ್ತರವಾಗಿ ಬದಲಿಸಿದರೆ, ಕಾಗದದ ಮೇಲೆ ಸುಮಾರು 70 ಮೀಟರ್ ಏರಬಹುದು. ಗಾಳಿಯ ತಡೆಯಿಂದ ನಿಜದಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. ಎದುರಿನ ತಂತಿ, ಮರಗಳನ್ನು ದಾಟಿ ಇಳಿಯಲು ಜಾಗ ಹುಡುಕುವುದಕ್ಕೆ ಅವನಿಗಿರುವ ಬಂಡವಾಳ ಅಷ್ಟೇ.

ಎರಡನೆಯದು ಭಾರ. ಇಂತಹ ವಿಮಾನಗಳಲ್ಲಿ ಔಷಧಿಯನ್ನೆಲ್ಲ ಒಮ್ಮೆಲೇ ಸುರಿದುಬಿಡುವ ಬಾಗಿಲಿದೆ, ಅದಕ್ಕೊಂದು ಹಿಡಿಕೆಯಿದೆ. ಔಷಧಿ ದುಬಾರಿ, ಕೆಳಗಿನ ಬೆಳೆ ಸುಟ್ಟೀತು, ಮಾಲೀಕ ಏನೆಂದಾನು ಎಂದು ಒಂದು ಕ್ಷಣ ಹಿಂಜರಿದರೆ ಆ ಕ್ಷಣವೇ ಕೊನೆಯದಾಗಬಹುದು. ಮೂರನೆಯದು, ಹೊರಟ ಜಾಗಕ್ಕೇ ಹಿಂತಿರುಗುವ ಆಸೆ. 60 ಡಿಗ್ರಿ ವಾಲಿ ಮಟ್ಟಸವಾಗಿ ತಿರುಗುವ ವಿಮಾನ ಹಾರಿ ನಿಲ್ಲಲು ಬೇಕಾದ ಕನಿಷ್ಠ ವೇಗ ಶೇಕಡಾ 41ರಷ್ಟು ಏರುತ್ತದೆ. ಆ ವೇಗವಿಲ್ಲದಿದ್ದರೆ ರೆಕ್ಕೆ ಹಿಡಿತ ಕಳೆದುಕೊಂಡು ವಿಮಾನ ಕಲ್ಲಿನಂತೆ ಬೀಳುತ್ತದೆ. ಆದ್ದರಿಂದ ನೇರ ಎದುರಿಗೆ ಸಿಕ್ಕ ಹೊಲವೇ ಅವನ ನಿಲ್ದಾಣ.

ಇವನ್ನೆಲ್ಲ ಆಕಾಶದಲ್ಲಿ ಕುಳಿತು ತೀರ್ಮಾನಿಸಲಾಗದು. ಯಾವ ಹೊಲದಲ್ಲಿ ಇಳಿಯಬೇಕು, ಯಾವಾಗ ಹಿಡಿಕೆ ಎಳೆಯಬೇಕು ಎಂಬುದನ್ನು ನೆಲದ ಮೇಲಿರುವಾಗಲೇ ನಿಶ್ಚಯಿಸಿಕೊಂಡಿರಬೇಕು. ಎಷ್ಟೋ ಸಲ ಎಂಜಿನ್ ನಿಲ್ಲುವ ಕಾರಣವೂ ನೆಲದ ಮೇಲೆಯೇ ಹುಟ್ಟಿರುತ್ತದೆ. ಇಂಧನದಲ್ಲಿ ಸೇರಿದ ನೀರು, ಧೂಳು ಕಟ್ಟಿದ ಫಿಲ್ಟರ್, ಇನ್ನೊಂದು ಸುತ್ತು ಹಾರಬಹುದೆಂದು ತುಂಬಿಸದೆ ಬಿಟ್ಟ ಟ್ಯಾಂಕು.

ಎಷ್ಟು ಎಚ್ಚರವಿದ್ದರೂ ಒಂದು ದಿನ ಎಂಜಿನ್ ನಿಲ್ಲಬಹುದು, ವಿಮಾನ ನೆಲಕ್ಕೆ ಬಡಿಯಬಹುದು. ಫ್ರೆಡ್ ವೈಕ್ ಎಂಬ ಎಂಜಿನಿಯರ್ ಇದನ್ನು ಒಪ್ಪಿಕೊಂಡೇ ನಕ್ಷೆ ಬರೆಯಲು ಕುಳಿತರು. ಆವರೆಗೆ ಯುದ್ಧಕಾಲದ ಹಳೆಯ ತರಬೇತಿ ವಿಮಾನಗಳಿಗೇ ಔಷಧಿಯ ತೊಟ್ಟಿ ಕೂರಿಸಿ ಬಳಸುವುದು ರೂಢಿಯಲ್ಲಿತ್ತು. ಟೆಕ್ಸಾಸ್‌ನಲ್ಲಿ 1950ರಲ್ಲಿ ಹಾರಿದ ಅವರ ಏಜಿ-1 ವಿಮಾನದಲ್ಲಿ ಮುಂದೆ ಎಂಜಿನ್, ಅದರ ಹಿಂದೆ ತೊಟ್ಟಿ, ಅದರ ಹಿಂದೆ ಎತ್ತರದಲ್ಲಿ ಪೈಲಟ್. ಬಡಿದಾಗ ಮುಂಭಾಗ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಬೇಕು, ಮನುಷ್ಯ ಉಳಿಯಬೇಕು. ಔಷಧಿ ಹೊಡೆಯುವ ವಿಮಾನಗಳಿಗೆ ಮುಂದೆ ಇದೇ ಮಾದರಿಯಾಯಿತು. ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ 1970ರ ದಶಕದಲ್ಲಿ 'ಬಸಂತ್' ಎಂಬ ಕೃಷಿ ವಿಮಾನವನ್ನು ತಯಾರಿಸಿತ್ತು.

ಈಗ ನಮ್ಮ ಹೊಲಗಳಿಗೂ ಡ್ರೋನ್ ಬಂದಿದೆ. ಮೋಟಾರು ನಿಂತರೆ ಅದರೊಳಗೆ ಸಾಯಲು ಯಾರೂ ಇಲ್ಲ ಎಂಬುದು ದೊಡ್ಡ ಲಾಭ. ಆದರೆ ಕೆಳಗೆ ಹೊಲದಲ್ಲಿ ಜನರಿರುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಪೈಲಟ್‌ಗಳಾಗಬಹುದು. ಹೆಚ್ಚಿನವರು ನಕ್ಷೆ ಬರೆಯುವವರು, ಬೋಲ್ಟು ಬಿಗಿ ಮಾಡುವವರು, ಟ್ಯಾಂಕಿನ ತಳದಿಂದ ನೀರು ಬಸಿದು ನೋಡುವವರು ಆಗುತ್ತೀರಿ. ಆ ಹತ್ತು ಅಡಿ ಎತ್ತರದಲ್ಲಿ ಒಬ್ಬ ಮನುಷ್ಯನ ಜೀವ ನಿಂತಿರುವುದು ನಿಮ್ಮ ಆ ಕೆಲಸದ ಮೇಲೆ. ಯಾರೂ ನೋಡದಿರುವಾಗಲೂ ಅದನ್ನು ಪೂರ್ತಿಯಾಗಿ ಮಾಡಿ.